ಬೆನ್ನು ಕಂಡರೆ ಆಣೆ ಮುರಿಯುವುದಿಲ್ಲ

ಅರಕಲಗೂಡು
18 ಆಗಸ್ಟ್ 2024

ಶ್ರೀಮತಿ ರೂಪಶ್ರೀ ಅವರಿಗೆ,

ಇದು ಕಾಗದ, ಮಾತಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ನೀನು ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಸನದ ಆ ಜ್ಞಾನಪ್ರಕಾಶನಿಗೆ ಹಾರ ಹಾಕಿ, ಕ್ರೈಸ್ತರ ಮನೆ ಸೊಸೆಯಾದ ದಿನ, ನಾನು ಮನೆದೇವರ ದೀಪ ಮುಟ್ಟಿ "ಇನ್ಮೇಲೆ ಇವಳ ಮುಖ ನೋಡಲ್ಲ, ಇವಳನ್ನ ಮಾತಾಡ್ಸಲ್ಲ" ಅಂತ ಆಣೆ ಇಟ್ಟೆ. ಆಣೆ ಅಂದರೆ ಆಣೆಯೇ. ಆದರೆ ಬರೆಯುವುದಿಲ್ಲ ಅಂತ ಇಟ್ಟಿರಲಿಲ್ಲ. ಸಿಟ್ಟಿನಲ್ಲಿ ಅದು ಹೊಳೆಯಲಿಲ್ಲ.

ಬರೆಯಲು ಕಾರಣ ಇದೆ. ಮೊನ್ನೆ ನಿನ್ನ ಅಮ್ಮ ನಿಮ್ಮ ಮನೆಗೆ ಬಂದು ಎರಡು ದಿನ ಉಳಿದು ಹೋದಳಲ್ಲ. ಅವಳು ಆಣೆ ಇಟ್ಟಿಲ್ಲ. ಇಟ್ಟಿದ್ದರೂ ಬಂದಿರುತ್ತಿದ್ದಳು, ಆ ಮಾತು ಬೇರೆ. ವಾಪಸ್ಸು ಬಂದವಳೇ ಚೀಲ ಕೂಡ ಇಳಿಸದೆ ವರದಿ ಕೊಟ್ಟಳು.

"ಗ್ವಾಡೆ ಮ್ಯಾಲೆ ದ್ಯಾವ್ರ ಮಗ ಯೇಸು ಪಟ ಐತೆ, ಅವ್ರವ್ವನ ಪಟ ಐತೆ. ಗಡ್ಡ ಬಿಟ್ಕಂಡು ಕೈಯಾಗೆ ಹೂ ಇಡ್ಕಂಡಿರೋರು ಅಪ್ಪ ಅಂದ್ಕಂಡು ಕೈ ಮುಗುದ್ಬುಟ್ಟೆ. ಕೇಳುದ್ರೆ ಅವ್ರು ಸಾಕಿದಪ್ಪನಂತೆ, ಮರಗೆಲಸದೋರಂತೆ. ಅಸಲಿ ಅಪ್ಪನ ಪಟವೇ ಇಲ್ಲ ಕಣ್ರೀ ಆ ಮನೇಲಿ."

ಇದು ನನಗೆ ಸರಿ ಕಾಣಲಿಲ್ಲ. ಮಗನಿಗೆ ಪಟ, ತಾಯಿಗೆ ಪಟ, ಸಾಕಿದವರಿಗೂ ಪಟ. ಸಂಜೆಯಾದರೆ ನಿಮ್ಮ ಅತ್ತೆ "ತಂದೆಯೇ ತಂದೆಯೇ" ಅಂತ ಪ್ರಾರ್ಥನೆ ಮಾಡುತ್ತಾರಂತೆ. ಆ ತಂದೆಗೆ ಮಾತ್ರ ಗೋಡೆಯ ಮೇಲೆ ಒಂದು ಮೊಳೆಯ ಜಾಗ ಇಲ್ಲ. ತಂದೆಯಾದವನನ್ನು ಹೊರಗಿಡುವುದು ಆ ಮನೆಯ ಪದ್ಧತಿಯೋ, ಇಲ್ಲ ಅವನೂ ಯಾರ ಮೇಲಾದರೂ ಮುನಿಸಿಕೊಂಡು ಎದ್ದುಹೋದನೋ? ತಿಳಿದು ಬರೆಯುವುದು. ಗಾಳಿ ಕಾಣುವುದಿಲ್ಲ, ಕರೆಂಟು ಕಾಣುವುದಿಲ್ಲ ಅಂತ ಮಾತ್ರ ಬರೆಯಬೇಡ. ಕಂಡಕ್ಟರ್ ಕೆಲಸದಲ್ಲಿ ಅಂಥ ಉಪದೇಶ ಮಾಡುವವರಿಗೆ ಎಷ್ಟೋ ಟಿಕೆಟ್ ಹರಿದಿದ್ದೇನೆ. ನೀನು ಇದನ್ನು ಓದುವಾಗ ಎಡಹುಬ್ಬು ಮೇಲೆ ಹೋಗಿರುತ್ತದೆ. ಇಳಿಸು.

ಆಲೂಗಡ್ಡೆ ಚೀಲ ನಮ್ಮೂರ ಕಂಡಕ್ಟರ್ ರುದ್ರೇಶನ ಬಸ್ಸಿನಲ್ಲಿ ಬರುತ್ತಿದೆ. ನಿನ್ನ ಅಮ್ಮ ಕಳಿಸಿದ್ದು. ನನಗೂ ಅದಕ್ಕೂ ಸಂಬಂಧವಿಲ್ಲ.

ಇಂತಿ,
ರಂಗಸ್ವಾಮಿ
ನಿವೃತ್ತ ಕಂಡಕ್ಟರ್

*

ಹಾಸನ
1 ಸೆಪ್ಟೆಂಬರ್ 2024

ಅಪ್ಪನಿಗೆ ನಮಸ್ಕಾರಗಳು.

ಹುಬ್ಬು ಮೇಲೆ ಹೋಗಿದ್ದು ನಿಜ. ಇಳಿಸಿಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಕಾಗದ ನೋಡಿ ಎಷ್ಟು ಸಂತೋಷವಾಯಿತು ಅಂದರೆ, ಬಾಗಿಲಲ್ಲೇ ನಿಂತು ಓದಿದೆ. ಅತ್ತೆ ಹೊಲಿಗೆ ಯಂತ್ರದ ಹಿಂದಿನಿಂದ "ಜೋರಾಗಿ ಓದವ್ವಾ, ನಮ್ ಬೀಗರು ಏನ್ ಬಯ್ದವ್ರೆ ಕೇಳನ" ಅಂದರು. ಓದಿದೆ. ಮುನಿಸಿಕೊಂಡು ಎದ್ದುಹೋದನೋ ಅನ್ನುವಲ್ಲಿಗೆ ಬಂದಾಗ ಅವರಿಗೆ ನಗು ತಡೆಯಲಾಗದೆ ಸೂಜಿಯಿಂದ ದಾರ ಜಾರಿಹೋಯಿತು. ನಮ್ಮ ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿಯುವುದು ಅವರೇ. ಚೌರಮ್ಮನ ಕೈ ಅಂದರೆ ಅಳತೆ ತಪ್ಪದು ಅಂತ ಹೆಸರು. ಆದ್ದರಿಂದ ಉತ್ತರವೂ ಆ ಲೆಕ್ಕದಲ್ಲೇ ಬಂತು.

"ನೋಡವ್ವಾ, ಮಗನ ಜನ ಕಣ್ಣಾರೆ ನೋಡವ್ರೆ. ಅವರವ್ವನ ನೋಡವ್ರೆ. ಅದ್ಕೇ ಪಟ. ತಂದೇನ ಯಾರೂ ನೋಡಿಲ್ಲ. ಅವರಿಗೆ ನಮ್ಮಂಗೆ ಮೈ ಅಂತ ಇಲ್ಲ, ಆತ್ಮ ಅವರು. ಅಳತೆನೇ ಕೊಡ್ದೋರಿಗೆ ನಾನು ರವಿಕೆ ಒಲಿಯಕ್ಕಾಯ್ತದಾ? ಸುಮ್ನೆ ಅಂದಾಜ್ನಾಗೆ ಒಲುದ್ರೆ ಅದು ಯಾರ್ದೋ ಆಯ್ತದೆ, ಅವರ್ದಾಗಲ್ಲ."

ಕೆಲವರು ಬಿಳಿಗಡ್ಡದ ಮುದುಕರ ಹಾಗೆ ತಂದೆಯ ಚಿತ್ರ ಬರೆಯುವುದುಂಟಂತೆ. ತಪ್ಪು ಅಂತ ಅತ್ತೆ ಹೇಳುವುದಿಲ್ಲ. ಆದರೆ ಅಂಥದ್ದನ್ನು ನೋಡಿದರೆ ಪಕ್ಕದ ಬೀದಿಯ ಕೆಂಚಯ್ಯನವರೇ ನೆನಪಾಗುತ್ತಾರೆ, ಪ್ರಾರ್ಥನೆ ಮುಂದೆ ಹೋಗುವುದಿಲ್ಲ ಅನ್ನುತ್ತಾರೆ. ನಾನು ಅವರ ಧರ್ಮಕ್ಕೆ ಸೇರಿಲ್ಲ ಅಪ್ಪ, ಸೇರು ಅಂತ ಯಾರೂ ಕೇಳಿಯೂ ಇಲ್ಲ. ಆದರೆ ಜಾಗ ಇಲ್ಲದ್ದಕ್ಕೆ ಪಟ ಹಾಕಿಲ್ಲ ಅಂದುಕೊಳ್ಳುವುದು ಬೇರೆ, ಯಾವ ಚೌಕಟ್ಟಿನಲ್ಲೂ ಕೂರುವುದಿಲ್ಲ ಅಂತ ಹಾಕಿಲ್ಲ ಅನ್ನುವುದು ಬೇರೆ. ಅಷ್ಟು ನನಗೆ ಅರ್ಥವಾಗಿದೆ.

ಆಲೂಗಡ್ಡೆ ಬಂತು. ದಪ್ಪನೆಯವು ಕೆಳಗೆ, ಸಣ್ಣವು ಮೇಲೆ, ನಡುವೆ ಒಣಹುಲ್ಲು. ಅಮ್ಮ ತಮ್ಮ ಜನ್ಮದಲ್ಲಿ ಆಲೂಗಡ್ಡೆ ಆರಿಸಿ ಚೀಲಕ್ಕೆ ತುಂಬಿದ್ದನ್ನು ನಾನು ಕಂಡಿಲ್ಲ. ಇರಲಿ, ನಿಮಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ವಿಷಯ ಅಮ್ಮ ಆಗಲೇ ಹೇಳಿರಬೇಕು. ಮಾರ್ಚ್ ಕೊನೆಗೆ ನೀವು ತಾತ ಆಗುತ್ತೀರಿ.

ನಿಮ್ಮ ಮಗಳು,
ರೂಪಾ

*

ಅರಕಲಗೂಡು
29 ಸೆಪ್ಟೆಂಬರ್ 2024

ರೂಪಶ್ರೀಗೆ,

ತಾತನಾಗುವ ವಿಷಯ ತಿಳಿಯಿತು. ನಿನ್ನ ಅಮ್ಮ ಹೇಳಿದ ದಿನ ನಾನು ಹಸುವಿಗೆ ಎರಡು ಸಲ ಹಿಂಡಿ ಇಟ್ಟೆನಂತೆ. ಹಸು ದೂರು ಹೇಳಿಲ್ಲ.

ಈಗ ನಿಮ್ಮ ಅತ್ತೆಯ ಉತ್ತರಕ್ಕೆ ಬರೋಣ. ರವಿಕೆಯ ಮಾತು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನನ್ನ ತಕರಾರು ಇನ್ನೊಂದು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ "ಹಿಂದಿನೋರ ಹತ್ರ ಐತೆ ಸಾ" ಅನ್ನುತ್ತಾರೆ. ಹಿಂದೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ನಿಮ್ಮ ಯೇಸುವೂ "ನನ್ನನ್ನು ಕಳಿಸಿದವನು ನನ್ನ ತಂದೆ" ಅಂದನಂತೆ. ಸರಿ, ಒಳ್ಳೆಯವನು, ಸುಳ್ಳು ಹೇಳುವ ಮುಖವಲ್ಲ, ಕ್ಯಾಲೆಂಡರಿನಲ್ಲಿ ನೋಡಿದ್ದೇನೆ. ಆದರೂ ಚೆಕಿಂಗ್‌ನವರು ಬಂದರೆ ಏನು ತೋರಿಸುವುದು? ಕಾಣದವನನ್ನು ನಂಬಿಕೊಂಡು ಇಷ್ಟು ಜನ ಇಷ್ಟು ದೂರ ಹೇಗೆ ಪ್ರಯಾಣ ಮಾಡಿದರು? ಒಬ್ಬನಾದರೂ "ನಿನ್ನ ಮುಖ ತೋರಿಸು" ಅಂತ ಕೇಳಲಿಲ್ಲವೇ?

ನಮ್ಮ ದೇವರೂ ಸದಾಕಾಲ ಕಾಣುತ್ತಾನೆ ಅಂತಲ್ಲ. ನೈವೇದ್ಯದ ಹೊತ್ತಿಗೆ ಪೂಜಾರಿ ಪರದೆ ಎಳೆದುಬಿಡುತ್ತಾನೆ, ನಾವು ಬಟ್ಟೆಗೇ ಕೈ ಮುಗಿದುಕೊಂಡು ನಿಂತಿರುತ್ತೇವೆ. ಆದರೆ ಪರದೆ ಸರಿಯುತ್ತದೆ ಅನ್ನುವ ಧೈರ್ಯ ಇರುತ್ತದಲ್ಲ. ನಿಮ್ಮವರದು ಸರಿಯುವುದು ಯಾವಾಗ?

ಹಸುವಿನ ತುಪ್ಪ ರುದ್ರೇಶನ ಹತ್ತಿರ ಕೊಟ್ಟಿದೆ. ಇದಕ್ಕೂ ನನಗೂ ಹಳೆಯ ಸಂಬಂಧವೇ.

ಇಂತಿ,
ರಂಗಸ್ವಾಮಿ

*

ಹಾಸನ
20 ಅಕ್ಟೋಬರ್ 2024

ಅಪ್ಪ,

ಒಬ್ಬರು ಕೇಳಿದ್ದರಂತೆ. ಅವರ ಹಿರಿಯರಲ್ಲಿ ಒಬ್ಬರು, ಬಹಳ ಹಿಂದೆ, ಬೆಟ್ಟದ ಮೇಲೆ. ಜನರನ್ನೆಲ್ಲ ಕರೆದುಕೊಂಡು ಮರುಭೂಮಿಯಲ್ಲಿ ನಡೆಸಿ ನಡೆಸಿ ಸುಸ್ತಾಗಿ, "ಇಷ್ಟು ದಿನ ನಿನ್ನ ಮಾತು ಕೇಳಿಕೊಂಡು ಬಂದೆ, ಒಂದು ಸಲ ಮುಖ ತೋರಿಸು" ಅಂದರಂತೆ. ಮುಖ ನೋಡಿದರೆ ನೀನು ಉಳಿಯಲಾರೆ ಅಂತ ಉತ್ತರ ಬಂತಂತೆ. ಆದರೆ ಇಲ್ಲ ಅನ್ನಲಿಲ್ಲ ದೇವರು. ಅವರನ್ನು ಬಂಡೆಯ ಸಂದಿಯಲ್ಲಿ ನಿಲ್ಲಿಸಿ, ತನ್ನ ಅಂಗೈ ಅಡ್ಡ ಹಿಡಿದು, ಮುಂದೆ ಹಾದುಹೋದ ಮೇಲೆ ಕೈ ತೆಗೆದನಂತೆ. ಆ ಹಿರಿಯರಿಗೆ ಕಂಡದ್ದು ಬೆನ್ನು ಮಾತ್ರ.

"ಅದು ಸಿಟ್ಟಾ ಅತ್ತೆ?" ಅಂತ ಕೇಳಿದೆ.

"ಎಲ್ಲಾದ್ರೂ ಉಂಟಾ" ಅಂದರು ಅತ್ತೆ. "ಎಳೆ ಕೂಸಿನ ಕಣ್ಣಿಗೆ ದೀಪ ಒಡಿಬಾರ್ದು ಅಂತ ನಾವು ಕೈ ಅಡ್ಡ ಇಡಿಯಲ್ವಾ? ಅದು ಕೂಸಿನ ಮ್ಯಾಲಿನ ಸಿಟ್ಟಾ? ನಾಳೆ ನಿಂಗೇ ಗೊತ್ತಾಯ್ತದೆ ಬುಡು."

ನನಗೆ ಈ ಕಥೆ ತುಂಬಾ ಹಿಡಿಸಿತು. ಹೊಳೆನರಸೀಪುರದ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಬೆಳಕಿನ ಪಾಠ ಮಾಡುವಾಗ ಮನಸ್ಸು ಅಲ್ಲೇ ಇತ್ತು. ಮುಖ ತೋರಿಸದವನು ಹತ್ತಿರ ಬರಲೇ ಇಲ್ಲ ಅಂತ ಅರ್ಥವಲ್ಲ. ಅಂಗೈ ಅಡ್ಡ ಹಿಡಿಯುವಷ್ಟು ಹತ್ತಿರ ಇದ್ದ.

ಈಗ ನನ್ನ ವಿಷಯ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಅಂತ ಅಮ್ಮ ಹಟ ಹಿಡಿದಿದ್ದಾರೆ. ಅತ್ತೆಗೂ ಅದೇ ಸರಿ ಅನ್ನಿಸಿದೆ. "ಬೀಗರ ಒಪ್ಪಿಗೆ ಐತಾ?" ಅಂತ ಮಾತ್ರ ಕೇಳಿದರು. ನಾನು ಉತ್ತರ ಕೊಡದೆ ಒಳಗೆ ಹೋದೆ. ಒಂದೇ ಮನೆಯಲ್ಲಿ ಇದ್ದುಕೊಂಡು ನೀವು ನನ್ನ ಮುಖ ನೋಡದೆ ಇರುವುದು ಹೇಗೆ? ಆಣೆ ಮುರಿಯಿರಿ ಅಂತ ನಾನು ಕೇಳುವುದಿಲ್ಲ. ನಿಮಗೆ ದೇವರ ದೀಪ ಅಂದರೆ ಏನು ಅಂತ ಗೊತ್ತಿದ್ದೇ ಬೆಳೆದವಳು ನಾನು. ಆದರೆ ನನಗೆ ನಮ್ಮ ಮನೆಗೆ ಬರಬೇಕು ಅನ್ನಿಸುತ್ತಿದೆ ಅಪ್ಪ. ನಿಮ್ಮನ್ನು ನೋಡಬೇಕು ಅನ್ನಿಸುತ್ತಿದೆ. ಬರಲೋ ಬೇಡವೋ, ಇದೊಂದನ್ನು ಬರೆದು ತಿಳಿಸಿ.

ನಿಮ್ಮ,
ರೂಪಾ

*

ಅರಕಲಗೂಡು
17 ನವೆಂಬರ್ 2024

ರೂಪಾಗೆ,

ಉತ್ತರ ತಡವಾಯಿತು. ಆ ಬೆಟ್ಟದ ಹಿರಿಯನ ಕಥೆ ಓದಿದ ಮೇಲೆ ನಾನು ಜಗುಲಿಯಲ್ಲಿ ಕೂತು ನನ್ನ ಆಣೆಯನ್ನು ಮತ್ತೆ ಮತ್ತೆ ಹೇಳಿಕೊಂಡು ನೋಡಿದೆ. ಮುಖ ನೋಡಲ್ಲ, ಮಾತಾಡಿಸಲ್ಲ. ಇಷ್ಟೇ ಇದೆ. ಬೆನ್ನಿನ ಪ್ರಸ್ತಾಪ ಎಲ್ಲಿಯೂ ಇಲ್ಲ.

ನಿನ್ನ ಅಮ್ಮನಿಗೆ ಹೇಳಿದೆ. "ಆ ಬುದ್ಧಿ ಒಳ್ಯಾದೇ ಐತೆ, ಓಗ್ಬನ್ನಿ" ಅಂದಳು.

ಹೋದ ಬುಧವಾರ ಹೊಳೆನರಸೀಪುರದ ಬಸ್ ನಿಲ್ದಾಣಕ್ಕೆ ಬಂದಿದ್ದೆ. ನೀನು ಶಾಲೆ ಬಿಟ್ಟು ಹಾಸನದ ಬಸ್ಸಿಗೆ ಕಾಯುವ ಹೊತ್ತು ನನಗೆ ಗೊತ್ತು. ಹಣ್ಣಿನ ಅಂಗಡಿಯ ಪಕ್ಕದ ಕಂಬದ ಹಿಂದೆ ನಿಂತೆ. ಕಂಡಕ್ಟರಿಗೆ ಜನರ ಮುಖಕ್ಕಿಂತ ಬೆನ್ನಿನ ಗುರುತು ಹೆಚ್ಚು, ಯಾಕೆಂದರೆ ನಾವು ಬಸ್ಸಿನ ಹಿಂದಿನಿಂದ ಮುಂದಕ್ಕೆ ಬರುವವರು. ನಿನ್ನದನ್ನು ದೂರದಿಂದಲೇ ಹಿಡಿದೆ. ಹಸಿರು ಸೀರೆ. ಜಡೆ ಗಿಡ್ಡವಾಗಿದೆ. ಭಾರದ ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು ಬಲಗೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದೆ. ನಿನ್ನ ಅಮ್ಮನೂ ನೀನು ಹೊಟ್ಟೆಯಲ್ಲಿದ್ದಾಗ ಹಾಗೇ ನಿಲ್ಲುತ್ತಿದ್ದಳು. ಚೀಲ ಅಷ್ಟು ಭಾರ ಹೊರಬೇಡ. ಮಕ್ಕಳ ಪರೀಕ್ಷೆ ಹಾಳೆಯನ್ನು ಶಾಲೆಯಲ್ಲೇ ತಿದ್ದು.

ನೀನು ಬಸ್ ಹತ್ತುವವರೆಗೂ ನೋಡಿದೆ. ನೀನು ತಿರುಗುತ್ತೀಯೇನೋ ಅಂತ ಕಂಬಕ್ಕೆ ಇನ್ನಷ್ಟು ಒತ್ತಿಕೊಂಡೆ. ತಿರುಗದಿರಲಿ ಅಂತಲೂ ಇತ್ತು, ತಿರುಗಲಿ ಅಂತಲೂ ಇತ್ತು. ನಿಜ ಹೇಳಬೇಕೆಂದರೆ ಇಷ್ಟು ತಿಂಗಳಲ್ಲಿ ಅಷ್ಟು ಹಿಗ್ಗಿದ ದಿನ ಇನ್ನೊಂದಿಲ್ಲ. ವಾಪಸ್ಸು ಬರುವಾಗ ಒಂದು ಡಜನ್ ಬಾಳೆಹಣ್ಣು ತಂದು ಬೀದಿಯ ಮಕ್ಕಳಿಗೆಲ್ಲ ಹಂಚಿದೆ.

ಇನ್ನು ನಿನ್ನ ಪ್ರಶ್ನೆ. ಹಿಂದಿನ ಕೋಣೆಗೆ ನಿನ್ನ ಅಮ್ಮ ಸುಣ್ಣ ಹೊಡೆಸಿಯಾಗಿದೆ. ನನ್ನನ್ನೇನೂ ಕೇಳಲಿಲ್ಲ. ನಡುಮನೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಅವಳ ಹಳೆಯ ನೂಲಿನ ಸೀರೆ ಇಳಿಬಿಡುತ್ತೇವೆ. ದೇವಸ್ಥಾನದಲ್ಲಿ ನಡೆಯುವುದಾದರೆ ಮನೆಯಲ್ಲಿ ಯಾಕೆ ನಡೆಯಬಾರದು? ಬರುವುದಾದರೆ ಬರಬಹುದು.

ಅದು ಸರಿಯಾಗಿ ಬರಲಿಲ್ಲ. ಬಾ.

ರಂಗಸ್ವಾಮಿ

*

ಹಾಸನ
26 ಡಿಸೆಂಬರ್ 2024

ಪ್ರೀತಿಯ ಅಪ್ಪ,

ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಜ್ಞಾನಪ್ರಕಾಶ್ "ಇನ್ನು ಅದನ್ನ ಲ್ಯಾಮಿನೇಟ್ ಮಾಡಿಸ್ಕೊ" ಅಂತ ಕಾಡಿಸುತ್ತಿದ್ದಾರೆ.

ಆ ಬುಧವಾರ ನನಗೆ ನೆನಪಿದೆ. ಬಸ್ಸಿನಲ್ಲಿ ನೂಕುನುಗ್ಗಲು. ನಾನು ಮೆಟ್ಟಿಲು ಹತ್ತುವ ಮೊದಲೇ ಕಂಡಕ್ಟರ್ "ಆ ಮೇಡಂಗೆ ಸೀಟ್ ಬುಡ್ರಪ್ಪಾ, ಹೇಳಿ ಕಳ್ಸವ್ರೆ" ಅಂದ. ಯಾರು ಹೇಳಿ ಕಳಿಸಿದ್ದು ಅಂತ ಕೇಳಿದರೆ ವಿಷಲ್ ಬಾಯಿಗಿಟ್ಟುಕೊಂಡು ಮುಂದೆ ಹೋದ. ದಾರಿಯುದ್ದಕ್ಕೂ ಯೋಚಿಸಿದೆ, ನೀವು ಅಂತ ಹೊಳೆಯಲಿಲ್ಲ. ಈಗ ಗೊತ್ತಾದ ಮೇಲೆ, ನಿಲ್ದಾಣದಲ್ಲಿ ದಿನವೂ ಹಣ್ಣಿನ ಅಂಗಡಿಗೆ ಬೆನ್ನು ಹಾಕಿ ನಿಲ್ಲುವುದು ರೂಢಿಯಾಗಿದೆ. ಇದ್ದರೂ ಇರಬಹುದು ಅಂತ. ಚೀಲ ಹಗುರವಾಗಿದೆ, ಪರೀಕ್ಷೆ ಹಾಳೆ ಶಾಲೆಯಲ್ಲೇ ಉಳಿಯುತ್ತಿದೆ.

ನಿನ್ನೆ ಹಬ್ಬ. ಮನೆಯಲ್ಲಿ ಅತ್ತೆ ಗೋದಲಿ ಕಟ್ಟಿದ್ದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮಣ್ಣು, ಹುಲ್ಲು, ಗೊಂಬೆಗಳಲ್ಲಿ ಮಾಡುವುದು. ಅದರ ಸುತ್ತ ಹಸಿರು ಬೇಕಲ್ಲ, ಅದಕ್ಕೆ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿದ್ದರು. ನಿಮ್ಮ ಹೊಲದ ರಾಗಿ. ಬೆರಳುದ್ದ ಬೆಳೆದು ನಿಂತಿತ್ತು. "ನಮ್ ಬೀಗರೂ ಬಂದ್ರು ಗೋದಲಿಗೆ" ಅಂದರು ಅತ್ತೆ.

ಒಂದು ವಿಶೇಷ. ಕೊಟ್ಟಿಗೆಯಲ್ಲಿ ತಾಯಿ ಇರುತ್ತಾಳೆ, ಸಾಕಿದಪ್ಪ ಇರುತ್ತಾರೆ, ದನ ಕುರಿ ಎಲ್ಲಾ ಇರುತ್ತವೆ. ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. ಹಬ್ಬದ ಹೊತ್ತು ಬರುವವರೆಗೂ ಕೂಸನ್ನು ಇಡುವಂತಿಲ್ಲ. ಎಲ್ಲರೂ ಆ ಖಾಲಿ ಜಾಗವನ್ನೇ ನೋಡಿಕೊಂಡು ಕೂತಿರುತ್ತಾರೆ. ಈ ಸಲ ಕೂಸನ್ನು ಇಡುವ ಕೆಲಸ ಅತ್ತೆ ನನಗೆ ಕೊಟ್ಟರು. ಇಟ್ಟೆ. ಆಗ ನಿಮ್ಮ ಪ್ರಶ್ನೆ ಕೇಳಿದೆ, ಪರದೆ ಸರಿಯುವುದು ಯಾವಾಗ ಅಂತ.

"ಇದೇ ಕಣವ್ವಾ ಸರಿಯೋದು" ಅಂದರು. "ಕಾಣ್ದಿರೋ ತಂದೇನ ಕಾಣೋ ಅಂಗೆ ಮಾಡಿದ್ದು ಈ ಕೂಸು. ಇವನ್ನ ನೋಡಿದ್ರೆ ಅವರ್ನ ನೋಡ್ದಂಗೇ. ಬ್ಯಾರೆ ಪಟ ಯಾಕ್ ಬೇಕು?"

ಇದು ಅವರ ನಂಬಿಕೆಯ ತಾಯಿಬೇರು ಅಂತ ಕಾಣುತ್ತದೆ. ನನಗೆ ಪೂರ್ತಿ ದಕ್ಕಿತು ಅನ್ನಲಾರೆ. ಆದರೆ ಆ ಮಾತು ಹೇಳುವಾಗ ಅತ್ತೆಯ ಮುಖ ನೋಡಬೇಕಿತ್ತು ನೀವು. ಕೇಕು, ಕಜ್ಜಾಯ ಎರಡೂ ರುದ್ರೇಶಣ್ಣನ ಕೈಲಿ ಕಳಿಸಿದ್ದೇನೆ. ನಾನು ಕಳಿಸಿದ್ದು, ಸಂಬಂಧ ಇದೆ.

ನಿಮ್ಮ,
ರೂಪಾ

*

ಅರಕಲಗೂಡು
12 ಜನವರಿ 2025

ರೂಪಾ,

ಕಜ್ಜಾಯ ಚೆನ್ನಾಗಿತ್ತು. ಕೇಕು ನಿನ್ನ ಅಮ್ಮ ಬಚ್ಚಿಟ್ಟು ತಿಂದಳು.

ಮಗನನ್ನು ನೋಡಿದರೆ ತಂದೆಯನ್ನು ನೋಡಿದ ಹಾಗೆ ಅನ್ನುವ ಲೆಕ್ಕ ಮಾತ್ರ ನನಗೆ ಕೂಡುತ್ತಿಲ್ಲ. ಒಬ್ಬನನ್ನು ನೋಡಿದರೆ ಒಬ್ಬನನ್ನು ನೋಡಿದ ಹಾಗೆ. ಒಂದು ಟಿಕೆಟ್‌ನಲ್ಲಿ ಇಬ್ಬರು ಪ್ರಯಾಣ ಮಾಡುವಂತಿಲ್ಲ. ನಮ್ಮ ರುದ್ರೇಶನನ್ನೇ ತೆಗೆದುಕೋ. ಅವನ ಅಪ್ಪ ನಂಜಪ್ಪ ದೇವರಂಥ ಮನುಷ್ಯ, ಚಿಲ್ಲರೆ ಬಾಕಿ ಇದ್ದರೆ ಮನೆ ಹುಡುಕಿಕೊಂಡು ಹೋಗಿ ಕೊಡುತ್ತಿದ್ದ. ಚಿಲ್ಲರೆ ಕೇಳಿದರೆ ಆಕಾಶ ನೋಡುವ ರುದ್ರೇಶನನ್ನು ನೋಡಿದವರಿಗೆ ನಂಜಪ್ಪ ಕಾಣುತ್ತಾನೆಯೇ? ನಿನ್ನ ಅತ್ತೆಗೆ ಇದನ್ನು ಕೇಳು. ರುದ್ರೇಶನಿಗೆ ಹೇಳಬೇಡ.

ಆದರೆ ಖಾಲಿ ತೊಟ್ಟಿಲ ಮಾತು ಮನಸ್ಸಿನಲ್ಲಿ ಉಳಿದಿದೆ. ನಿನ್ನ ತೊಟ್ಟಿಲು ಅಟ್ಟದ ಮೇಲಿತ್ತು, ಇಳಿಸಿ ಎಣ್ಣೆ ಹಚ್ಚಿದೆ. ಒಂದು ಕಾಲು ಅಲ್ಲಾಡುತ್ತದೆ, ಮರಗೆಲಸದವರನ್ನು ಕರೆಸಬೇಕು.

ನಿನ್ನ ತಂದೆ,
ರಂಗಸ್ವಾಮಿ

*

ಅರಕಲಗೂಡು, ಹಿಂದಿನ ಕೋಣೆ
2 ಮಾರ್ಚ್ 2025

ಅಪ್ಪ,

ಒಂದೇ ಮನೆಯಲ್ಲಿ ಕೂತು ಕಾಗದ ಬರೆಯುವುದು ಹೊಸ ಅನುಭವ. ಅಂಚೆಯವರು ಅಮ್ಮ. ಈಗಾಗಲೇ "ನಾನೇನ್ ನಿಮ್ಮಿಬ್ರ ಪೋಸ್ಟ್‌ಮ್ಯಾನಾ" ಅಂತ ಗೊಣಗುತ್ತಿದ್ದಾರೆ.

ದೂರು ಕೊಡಲು ಬರೆಯುತ್ತಿದ್ದೇನೆ. ನಡುಮನೆ ದಾಟುವ ಮೊದಲು ವಿಷಲ್ ಹಾಕುವ ವ್ಯವಸ್ಥೆ ನೀವೇ ಮಾಡಿದ್ದು. ಒಂದು ವಿಷಲ್ ಅಂದರೆ ನಾನು ನಿಂತಲ್ಲೇ ನಿಲ್ಲಬೇಕು, ಎರಡು ಅಂದರೆ ನೀವು ಆಚೆ ಹೋದಿರಿ, ನಾನು ಹೊರಡಬಹುದು. ಆಯಿತು. ಆದರೆ ನೀರು ಕುಡಿಯಲು ಒಂದು, ಚಪ್ಪಲಿ ಹುಡುಕಲು ಒಂದು, ಕನ್ನಡಕ ಮರೆತದ್ದಕ್ಕೆ ಒಂದು. ನಿನ್ನೆ ಬೆಳಿಗ್ಗೆ ಹಸುವೇ ವಿಷಲ್ ಕೇಳಿ ನಿಂತುಬಿಟ್ಟಿತಂತೆ. ಹೊಟ್ಟೆಯೊಳಗಿನದಂತೂ ಎರಡು ವಿಷಲ್ ಬಿದ್ದ ಕೂಡಲೇ ಒದೆಯುತ್ತದೆ.

ಅತ್ತೆ ನನ್ನನ್ನು ಬಿಡಲು ಬಂದವರು, ಚನ್ನರಾಯಪಟ್ಟಣದ ತಮ್ಮ ತವರಿನ ತೆಂಗಿನಕಾಯಿ ಕೊಟ್ಟು, ನಿಮ್ಮ ಜೊತೆ ಜಗುಲಿಯಲ್ಲಿ ಕೂತು ಮಾತಾಡಿದ್ದನ್ನು ಪರದೆಯ ಈಚೆಯಿಂದ ಪೂರ್ತಿ ಕೇಳಿಸಿಕೊಂಡೆ. ನೀವು ನಂಜಪ್ಪನ ಪ್ರಶ್ನೆ ಕೇಳಿಯೇಬಿಟ್ಟಿರಿ. ಅತ್ತೆ ನಕ್ಕು ಅಂದದ್ದು ನಿಮಗೆ ನೆನಪಿದೆಯೋ ಇಲ್ಲವೋ, ಬರೆದಿಡುತ್ತೇನೆ.

"ಬೀಗರೇ, ಲೆಕ್ಕ ಆಮೇಲ್ ನೋಡನ. ನಾನು ನೆನ್ನೆಯಿಂದ ಈ ಮನೇಲಿ ಇವ್ನಿ. ರೂಪಂಗೆ ನಿಮ್ ಮುಖ ಒಂದ್ಸಲನೂ ಕಾಣ್ಲಿಲ್ಲ. ಆದ್ರೆ ಎದ್ದಾಗ ಬಿಸಿನೀರು ಕಾದಿತ್ತು. ಮಂಚದ್ ಕಾಲಿಗೆ ಇಟ್ಟಿಗೆ ಕೊಟ್ಟಿತ್ತು. ಕಿಟಕಿಗೆ ಬಲೆ ಒಡ್ದಿತ್ತು, ಸೊಳ್ಳೆ ಬತ್ತದೆ ಅಂತ. ಕಾಣ್ದೆ ಇರೋರು ಮನೆ ತುಂಬಾ ಎಂಗಿರ್ತಾರೆ ಅಂತ ನಿಮ್ಗೆ ನಾನು ಏಳ್ಕೊಡ್ಬೇಕಾ?"

ನೀವು ಜಗುಲಿಯಿಂದ ಎದ್ದಿರಿ. ಒಂದು ವಿಷಲ್ ಹಾಕಿ ನಡುಮನೆಗೆ ಬಂದಿರಿ. ಪರದೆಯ ಕೆಳಗೆ ನಿಮ್ಮ ಪಾದ ಕಂಡಿತು. ಬಹಳ ಹೊತ್ತು ಅಲ್ಲೇ ಇತ್ತು. ಎರಡನೆಯ ವಿಷಲ್ ಹಾಕುವುದನ್ನು ಮರೆತಿರಿ ಅಪ್ಪ. ನಾನೂ ನಿಂತೇ ಇದ್ದೆ.

ನಿಮ್ಮ,
ರೂಪಾ

*

ಅರಕಲಗೂಡು, ಜಗುಲಿ
3 ಮಾರ್ಚ್ 2025

ರೂಪಾ,

ದೂರು ಬಂದಿದೆ. ವಿಷಲ್ ಕಡಿಮೆ ಮಾಡಲಾಗುವುದು. ಮರೆತದ್ದಲ್ಲ.

ಗರ್ಭಿಣಿಯನ್ನು ಅಷ್ಟು ಹೊತ್ತು ನಿಲ್ಲಿಸಿದ್ದು ತಪ್ಪು. ಇನ್ನು ಮೇಲೆ ವಿಷಲ್ ಬಿದ್ದರೆ ಕೂತುಕೋ. ಪರದೆ ಪಕ್ಕದಲ್ಲಿ ಕುರ್ಚಿ ಹಾಕಿಸಿದ್ದೇನೆ. ಆಚೆ ಪಕ್ಕದಲ್ಲೂ ಒಂದು ಹಾಕಿದ್ದೇನೆ.

ನಿನ್ನ ತಂದೆ

*

ಅರಕಲಗೂಡು, ಜಗುಲಿ
4 ಏಪ್ರಿಲ್ 2025

ರೂಪಾ, ನನ್ನ ಕಂದ,

ಹನ್ನೊಂದು ದಿನದಿಂದ ಒಂದು ವಿಷಯ ಬಾಯಿ ಮುಚ್ಚಿಕೊಂಡು ಇಟ್ಟುಕೊಂಡಿದ್ದೇನೆ. ನಿನ್ನೆ ಪುರುಡು ಕಳೆಯಿತು, ಇನ್ನು ಹೇಳಬಹುದು.

ನೀನು ಹೆರಿಗೆ ಕೋಣೆಗೆ ಹೋದಾಗ ನಾನು ಆಸ್ಪತ್ರೆಯ ಹೊರಗೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತಿದ್ದೆ. ಅಳಿಯಂದಿರು ಕಾಫಿ ತಂದು ಪಕ್ಕದಲ್ಲೇ ಕೂತರು. ಆಸ್ಪತ್ರೆಯ ಬಾಗಿಲನ್ನೇ ನೋಡುತ್ತ ಲೋಟ ವಾಲಿಸಿ ಕಾಫಿ ಚೆಲ್ಲುತ್ತಿದ್ದರು. ನಾನು ಲೋಟ ಹಿಡಿದುಕೊಂಡೆ. ಒಳ್ಳೆಯ ಹುಡುಗ. ಇದನ್ನು ಆಗಲೇ ಬರೆಯಬೇಕಿತ್ತು.

ಆಮೇಲೆ ನರ್ಸಮ್ಮ ಬಟ್ಟೆ ಸುತ್ತಿದ ಕೂಸನ್ನು ತಂದು "ತಾತ ಯಾರು?" ಅಂದಳು. ಕೈ ಚಾಚಿದೆ. ಕೂಸು ಆಣೆಯ ಲೆಕ್ಕದಲ್ಲಿ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ, ಧೈರ್ಯವಾಗಿ ನೋಡಿದೆ. ಅದು ಕಣ್ಣು ಬಿಟ್ಟಿತು. ಬಿಟ್ಟು, ಎಡಹುಬ್ಬನ್ನು ಮೇಲಕ್ಕೆ ಎತ್ತಿತು.

ನೀನು ಹುಟ್ಟಿದಾಗ ನಾನು ಡ್ಯೂಟಿಯಲ್ಲಿದ್ದೆ. ಮಾರನೆಯ ದಿನ ಯೂನಿಫಾರಮ್ಮಿನಲ್ಲೇ ಓಡಿಬಂದು ನಿನ್ನನ್ನು ಎತ್ತಿಕೊಂಡಾಗ ನೀನು ಹೀಗೆಯೇ ಹುಬ್ಬು ಎತ್ತಿ, ಇಷ್ಟು ತಡವಾಗಿ ಬರುವುದಾ ಅನ್ನುವಂತೆ ನೋಡಿದ್ದೆ. ಆಗ ನನ್ನ ಬಾಯಲ್ಲಿ ಬಂದ ಮಾತು "ಬಂದ್ಯೇನವ್ವಾ" ಅಂತ. ಮೊನ್ನೆಯೂ ಅದೇ ಬಂತು. ಜೋರಾಗಿಯೇ ಬಂತು. ಅಳಿಯಂದಿರು ಕೇಳಿಸಿಕೊಂಡಿದ್ದಾರೆ, ಸಾಕ್ಷಿ ಇದೆ.

ಅಲ್ಲಿಗೆ ಮುಗಿಯಿತು. ನಾನು ಮುಖ ನೋಡಿದೆ, ಮಾತೂ ಆಡಿಸಿದೆ. ನಾನು ನೋಡಿದ್ದು ಮೊಮ್ಮಗಳನ್ನು ಅಂತ ದೇವರ ಮುಂದೆ ವಾದ ಮಾಡಬಹುದಿತ್ತು, ಬೆನ್ನಿನ ಹಾಗೆ ಇದಕ್ಕೂ ಒಂದು ಸಂದು ಹುಡುಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನಾನು ನೋಡಿದ್ದು ನಿನ್ನನ್ನೇ ಕಂದ. ನಿನ್ನ ಅಮ್ಮನಿಗೆ ಹೇಳಿದರೆ "ಅವಳ ಹುಬ್ಬು ಯಾರ್ದಂತೆ? ಕನ್ನಡಿ ನೋಡ್ಕಳಿ" ಅಂದಳು. ನೋಡಿಕೊಂಡೆ.

ಬೀಗಿತ್ತಿಗೆ ತಿಳಿಸು, ಲೆಕ್ಕ ಕೂಡಿತು. ಒಬ್ಬರನ್ನು ನೋಡಿದರೆ ಇನ್ನೊಬ್ಬರನ್ನು ನೋಡಿದ ಹಾಗೆ ಆಗುತ್ತದೆ. ಅವರ ದೇವರ ವಿಷಯ ಅವರಿಗೆ ಬಿಟ್ಟದ್ದು, ಆದರೆ ಆ ಮಾತು ಯಾರು ಹೇಳಿದರೋ ಅವರು ಕೂಸನ್ನು ಎತ್ತಿಕೊಂಡು ನೋಡಿದವರೇ ಇರಬೇಕು. ರುದ್ರೇಶನನ್ನೂ ಇನ್ನೊಂದು ಸಲ ಸರಿಯಾಗಿ ನೋಡುತ್ತೇನೆ, ನಂಜಪ್ಪ ಎಲ್ಲಾದರೂ ಕಂಡಾನು.

ಪುರುಡು ಕಳೆಯದೆ ದೇವರ ಹತ್ತಿರ ಹೋಗುವಂತಿರಲಿಲ್ಲ. ಅದಕ್ಕೇ ಇಷ್ಟು ದಿನ ಕಳ್ಳನ ಹಾಗೆ ವಿಷಲ್ ಹಾಕಿಕೊಂಡು ಓಡಾಡಿದೆ. ನಾಳೆ ಮೊದಲ ಬಸ್ಸಿಗೆ ಮನೆದೇವರ ಹತ್ತಿರ ಹೋಗಿ ತಪ್ಪುಕಾಣಿಕೆ ಕಟ್ಟಿ, ದೀಪ ಮುಟ್ಟಿ ಒಪ್ಪಿಸಿ ಬರುತ್ತೇನೆ. ಅವನೂ ಮಕ್ಕಳೊಂದಿಗನೇ, ಬಿಟ್ಟುಕೊಡುತ್ತಾನೆ. ಸಂಜೆ ಬಂದವನು ವಿಷಲ್ ಹಾಕುವುದಿಲ್ಲ. ನೇರವಾಗಿ ಒಳಗೆ ಬರುತ್ತೇನೆ.

ನಿನ್ನ,
ಅಪ್ಪ

*

ಹಿಂದಿನ ಕೋಣೆ, ನಿಮ್ಮ ಕಾಗದದ ಹಿಂಬದಿ
4 ಏಪ್ರಿಲ್ 2025

ಅಪ್ಪ,

ಅಮ್ಮ ಕಾಗದ ಕೊಟ್ಟು, ನಾನು ಓದಿ ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಇಬ್ಬರೂ ಚೆನ್ನಾಗಿ ಅತ್ತೆವು. ಆಮೇಲೆ ಎದ್ದು ನಡುಮನೆಯ ಸೀರೆ ಬಿಚ್ಚಿದೆವು. ತೊಟ್ಟಿಲಿನ ಕಾಲು ಇನ್ನೂ ಅಲ್ಲಾಡುತ್ತಿದೆಯಲ್ಲ, ಅದು ಸರಿಯಾಗುವವರೆಗೆ ಅದೇ ಸೀರೆಯಲ್ಲಿ ನಿಮ್ಮ ಮೊಮ್ಮಗಳಿಗೆ ಜೋಲಿ ಕಟ್ಟಿದ್ದೇವೆ. ಈಗ ಅದರೊಳಗೆ ನಿದ್ದೆ ಮಾಡುತ್ತಿದ್ದಾಳೆ, ಹುಬ್ಬು ಎತ್ತಿಕೊಂಡೇ.

ದೇವರಿಗೆ ನನ್ನದೂ ಒಂದು ಕಾಯಿ ಒಡೆಸಿ. ಅತ್ತೆ ತಂದದ್ದರಲ್ಲೇ ಒಂದು ಬಾಗಿಲ ಬಳಿ ಇಟ್ಟಿದ್ದೇನೆ.

ವಿಷಲ್ ಮಾತ್ರ ಬಿಡಬೇಡಿ. ಅವಳು ಹೊಟ್ಟೆಯಲ್ಲಿದ್ದಾಗಿಂದ ನಿಮ್ಮನ್ನು ಅದರಲ್ಲೇ ಗುರುತು ಹಿಡಿದಿರುವುದು. ಬಾಗಿಲಲ್ಲಿ ಎರಡು ಸಲ ಹಾಕಿಕೊಂಡೇ ಬನ್ನಿ. ನಾವಿಬ್ಬರೂ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಕೂತಿರುತ್ತೇವೆ.

ರೂಪಾ